ಗಂಟು ಕಡಲು ದಾಟುವ ಮುನ್ನ

ವೀಸಾ ಬಂದ ಮನೆಯವರು ಗುರುಗಳ ಬಳಿಗೆ ಬರುವುದು ಆಶೀರ್ವಾದಕ್ಕಾಗಿ. ನಾವು ಕೈಯೆತ್ತಿ ಹರಸುತ್ತೇವೆ, ಕೃತಜ್ಞತಾ ಬಲಿಪೂಜೆಗೆ ದಿನ ಗೊತ್ತುಮಾಡುತ್ತೇವೆ, ಕಾಣಿಕೆಯನ್ನೂ ಸ್ವೀಕರಿಸುತ್ತೇವೆ. ಆದರೆ ಆ ಮನೆಯ ಉಳಿತಾಯ ಯಾವ ದಾರಿಯಲ್ಲಿ ಹೋಗುತ್ತಿದೆ, ಯಾರ ಕೈಯಿಂದ ಹೋಗುತ್ತಿದೆ, ಅದು ಹೋದ ಮೇಲೆ ಮನೆಯಲ್ಲಿ ಉಳಿಯುವ ವೃದ್ಧರ ಪಾಲಿಗೆ ಏನು ಉಳಿಯುತ್ತದೆ ಎಂದು ನಾವು ಕೇಳುವುದಿಲ್ಲ. ಎಂದಾದರೂ ಕೇಳಿದರೆ, "ಅದೆಲ್ಲ ಲೌಕಿಕ ವಿಷಯ, ಸ್ವಾಮಿ" ಎಂಬ ಉತ್ತರ ಬರುತ್ತದೆ. ಪ್ರಿಯ ಓದುಗರೇ, ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಒಪ್ಪಿಕೊಂಡು ಸುಮ್ಮನಿದ್ದ ವರ್ಷಗಳಿಗಾಗಿ ನನಗೆ ನಾಚಿಕೆಯೂ ಇದೆ.

ಲೌಕಿಕ ವಿಷಯವಾಗಿದ್ದರೆ ಪವಿತ್ರ ಬೈಬಲಿನಲ್ಲಿ ತೋಬಿತನ ಗ್ರಂಥಕ್ಕೆ ಸ್ಥಾನವೇ ಇರುತ್ತಿರಲಿಲ್ಲ. ಸೆರೆಯಾಳಾಗಿ ನಿನೆವೆಗೆ ಹೋದ ತೋಬಿತನು ಪರದೇಶದಲ್ಲಿ ದುಡಿದು ಕೂಡಿಸಿದ ಹತ್ತು ತಲೆಂತು ಬೆಳ್ಳಿಯನ್ನು ಮೇದ್ಯ ನಾಡಿನ ರಾಗೆಸ್ ಪಟ್ಟಣದ ಗಬಾಯೇಲನ ಬಳಿ ಇರಿಸಿದ. ಅರಸನು ಬದಲಾದಾಗ ಮೇದ್ಯಕ್ಕೆ ಹೋಗುವ ದಾರಿಗಳು ಸುರಕ್ಷಿತವಾಗಿ ಉಳಿಯಲಿಲ್ಲ. ಹಣ ಅಲ್ಲೇ ಉಳಿಯಿತು, ಇಲ್ಲಿ ಮನೆಗೆ ಬಡತನ ಬಂತು, ತೋಬಿತನ ಕಣ್ಣು ಹೋಯಿತು. ಇಪ್ಪತ್ತು ವರ್ಷಗಳ ಬಳಿಕ ಮಗ ತೋಬಿಯಾಸನನ್ನು ಆ ಹಣ ತರಲು ಕಳುಹಿಸುವಾಗ ತಂದೆ ಮೊದಲು ಹೇಳುವುದು ಕರಾರುಪತ್ರದ ಸಂಗತಿಯನ್ನು: ಪತ್ರವನ್ನು ಎರಡು ಭಾಗ ಮಾಡಿ ಇಬ್ಬರೂ ಒಂದೊಂದು ಭಾಗ ಇಟ್ಟುಕೊಂಡಿದ್ದರು. ಹಣ ಮರಳಿ ಕೊಡುವಾಗ ಗಬಾಯೇಲನು ಮುದ್ರೆ ಒಡೆಯದ ಚೀಲಗಳನ್ನು ಒಂದೊಂದಾಗಿ ಎಣಿಸಿಕೊಟ್ಟನೆಂದು ಗ್ರಂಥಕರ್ತನು ಮರೆಯದೆ ಬರೆದಿದ್ದಾನೆ. ಹಣ ತರಲು ಹೋದವನು ಮಹಾದೂತ ರಫಾಯೇಲ. ದೇವದೂತನೇ ಹೋದರೂ ಪತ್ರ ಕೈಯಲ್ಲಿತ್ತು!

ನಮ್ಮವರಿಗೆ ಪತ್ರ ಬೇಡ. "ಗೊತ್ತಿರುವವರು, ನಮ್ಮವರೇ" ಎಂಬ ಒಂದು ಮಾತು ಸಾಕು.

ನಾನು ವಲಸೆಯನ್ನು ವಿರೋಧಿಸುತ್ತಿದ್ದೇನೆಂದು ಯಾರೂ ಭಾವಿಸಬಾರದು. ಕುಟುಂಬವು ಬದುಕಿಗಾಗಿ ಬೇರೆ ನಾಡಿಗೆ ಹೋಗುವ ಹಕ್ಕನ್ನು ಧರ್ಮಸಭೆ ಎತ್ತಿ ಹಿಡಿದಿದೆ. ಪೋಪ್ ಹನ್ನೆರಡನೇ ಪಿಯುಸ್‌ರವರು 1952ರಲ್ಲಿ ಹೊರಡಿಸಿದ 'ಎಕ್ಸುಲ್ ಫಮಿಲಿಯಾ' ವಲಸೆ ಹೋಗುವ ಕುಟುಂಬಗಳ ಕುರಿತಾದದ್ದೇ. ಕರಾವಳಿಯಿಂದ ಘಟ್ಟ ಹತ್ತಿ ಕಾಫಿ ಸೀಮೆಗೆ ಬಂದ ನಮ್ಮ ಹಿರಿಯರೂ ವಲಸಿಗರೇ. ಆದರೆ ಅವರಿಗೆ ಹಣದ ಬಗ್ಗೆ ಒಂದು ಭಯಭಕ್ತಿಯಿತ್ತು. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳನ್ನು ಹೆತ್ತ ಜಿಲ್ಲೆ ಅವಿಭಜಿತ ದಕ್ಷಿಣ ಕನ್ನಡ. 1928ರಲ್ಲಿ ಅಲ್ಲಿ ಆರಂಭವಾದ ಪಿಗ್ಮಿ ಠೇವಣಿಗೆ ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟನು ಮನೆಬಾಗಿಲಲ್ಲೇ ಪಾಸ್‌ಪುಸ್ತಕದಲ್ಲಿ ಬರೆದುಕೊಡಬೇಕಾಗಿತ್ತು. ಆ ಬ್ಯಾಂಕುಗಳಲ್ಲಿ ಕೆಲವು ಈಗ ದೊಡ್ಡ ಬ್ಯಾಂಕುಗಳಲ್ಲಿ ಲೀನವಾಗಿ ಹೆಸರು ಕಳೆದುಕೊಂಡಿವೆ. ಎರಡಾಣೆಗೆ ರಶೀದಿ ಕೇಳಿದವರ ಮೊಮ್ಮಕ್ಕಳು ಇಪ್ಪತ್ತು ಲಕ್ಷವನ್ನು ರಶೀದಿಯಿಲ್ಲದೆ ಕೊಡುತ್ತಿದ್ದಾರೆ.

ಕೊಟ್ಟವರನ್ನು ನಾನು ಬಲ್ಲೆ. ನಿವೃತ್ತ ಮೇಷ್ಟ್ರು ಒಬ್ಬರು. ಊರು, ಹೆಸರು ಬೇಡ. ಮಗ ಸಂಸಾರ ಸಮೇತ ಕೆನಡಾಕ್ಕೆ ನೆಲೆಸಲು ಹೊರಟಾಗ, ಮೊದಲ ವರ್ಷದ ಬಾಡಿಗೆ, ಮಕ್ಕಳ ಶಾಲೆ, ಚಳಿಗಾಲದ ಬಟ್ಟೆ ಎಂದು ಲೆಕ್ಕ ಹಾಕಿ, ಭವಿಷ್ಯ ನಿಧಿಯಲ್ಲಿ ಉಳಿದದ್ದನ್ನೂ ಒಂದೂವರೆ ಎಕರೆ ಕಾಫಿ ತೋಟ ಮಾರಿ ಬಂದದ್ದನ್ನೂ ಸೇರಿಸಿ 22 ಲಕ್ಷ ಹೊಂದಿಸಿದರು. ಬ್ಯಾಂಕಿನಲ್ಲಿ ವಿಚಾರಿಸಿದಾಗ "ಶೇಕಡಾ 20 ತೆರಿಗೆ ಹಿಡಿಯುತ್ತಾರೆ" ಎಂದು ಯಾರೋ ಹೇಳಿದರು. ಮೇಷ್ಟ್ರ ಎದೆ ಒಡೆಯಿತು. ಆಗ ಒಬ್ಬ "ಗೊತ್ತಿರುವವರು" ಮುಂದೆ ಬಂದರು. ಇಲ್ಲಿ ರೂಪಾಯಿ ಕೊಡಿ, ಅಲ್ಲಿ ಮಗನ ಕೈಗೆ ಡಾಲರು ಸೇರುತ್ತದೆ, ತೆರಿಗೆಯಿಲ್ಲ, ಬ್ಯಾಂಕಿಗಿಂತ ಒಳ್ಳೆಯ ದರ. 2025ರ ಮಳೆಗಾಲದಲ್ಲಿ ಎರಡು ಕಂತುಗಳಲ್ಲಿ ಹಣ ಕೊಟ್ಟರು. ಅಲ್ಲಿ ಮಗನಿಗೆ ಸೇರಿದ್ದು ಸುಮಾರು ಒಂಬತ್ತು ಲಕ್ಷದಷ್ಟು. ಆಮೇಲೆ ಆ ವ್ಯಕ್ತಿಯ ಫೋನು ಬಂದ್ ಆಯಿತು. ಪೊಲೀಸರಿಗೆ ದೂರು ಕೊಡಿ ಎಂದರೆ ಮೇಷ್ಟ್ರು, "ಕೊಟ್ಟದ್ದೇ ತಪ್ಪು ಸ್ವಾಮಿ, ಏನೆಂದು ದೂರು ಕೊಡಲಿ?" ಎಂದು ನೆಲ ನೋಡಿದರು.

ಅವರಿಗೆ ಯಾರೂ ಲೆಕ್ಕ ಬಿಡಿಸಿ ಹೇಳಿರಲಿಲ್ಲ. ಭಾರತದ ನಿವಾಸಿಯಾದ ಯಾರೇ ಆಗಲಿ ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಅಮೆರಿಕನ್ ಡಾಲರುಗಳವರೆಗೆ ಬ್ಯಾಂಕಿನ ಮೂಲಕ ನ್ಯಾಯವಾಗಿ ಹೊರಗೆ ಕಳುಹಿಸಬಹುದು. ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆ ಇರುವುದೇ ಅದಕ್ಕಾಗಿ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿಯವರೆಗೆ ಏನನ್ನೂ ಹಿಡಿಯುವುದಿಲ್ಲ. ಮಗನ ಮನೆ ಹೂಡಲು ಕೊಡುವಂಥ ಹಣಕ್ಕೆ, ಅದಕ್ಕಿಂತ ಮೇಲಿನ ಮೊತ್ತದ ಮೇಲೆ ಮಾತ್ರ ಶೇಕಡಾ 20 ಹಿಡಿಯುತ್ತಾರೆ. ಮೇಷ್ಟ್ರ ಲೆಕ್ಕದಲ್ಲಿ 12 ಲಕ್ಷದ ಮೇಲೆ 2 ಲಕ್ಷ 40 ಸಾವಿರ. ಅದು ಹೋದ ಹಣವೂ ಅಲ್ಲ. ಅವರ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಸರ್ಕಾರದ ಬಳಿ ಜಮೆಯಾಗಿರುತ್ತದೆ. ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವಾಗ ತಾವು ಕೊಡಬೇಕಾದ ತೆರಿಗೆಯಲ್ಲಿ ಕಳೆದುಕೊಂಡು ಉಳಿದದ್ದನ್ನು ಮರಳಿ ಪಡೆಯಬಹುದು. ಕೆಲವು ತಿಂಗಳ ಮಟ್ಟಿಗೆ ಕೈಬಿಟ್ಟು ಹೋಗಬಹುದಾಗಿದ್ದ 2 ಲಕ್ಷ 40 ಸಾವಿರಕ್ಕೆ ಹೆದರಿ, ಮೇಷ್ಟ್ರು 13 ಲಕ್ಷವನ್ನು ಶಾಶ್ವತವಾಗಿ ಕಳೆದುಕೊಂಡರು.

ಹವಾಲಾ ಎಂಬುದರಲ್ಲಿ ಹಣ ಕಡಲು ದಾಟುವುದೇ ಇಲ್ಲ. ಇಲ್ಲಿ ನಿಮ್ಮ ರೂಪಾಯಿ ಉಳಿಯುತ್ತದೆ, ಅಲ್ಲಿ ಬೇರೆ ಯಾರದೋ ಡಾಲರು ನಿಮ್ಮ ಮಗನ ಕೈಗೆ ಬರುತ್ತದೆ. ಆ "ಬೇರೆ ಯಾರು" ಎಂದು ಎಂದಾದರೂ ಯೋಚಿಸಿದ್ದೀರಾ? ಲೆಕ್ಕಕ್ಕೆ ಸಿಗದ ಡಾಲರನ್ನು ಹೀಗೆ ಕೈ ದಾಟಿಸುವ ಅಗತ್ಯ ಯಾರಿಗಿರುತ್ತದೆ? ಮಾದಕದ್ರವ್ಯ ಮಾರಿದವನಿಗೆ, ಲಂಚ ತಿಂದವನಿಗೆ, ತೆರಿಗೆ ಕದ್ದವನಿಗೆ. ಕಾನೂನಿನ ಕಣ್ಣಿನಲ್ಲಿ ಇದಕ್ಕೆ ವಿದೇಶೀ ವಿನಿಮಯ ನಿರ್ವಹಣಾ ಕಾಯ್ದೆಯನ್ವಯ ಮೊತ್ತದ ಮೂರು ಪಟ್ಟಿನವರೆಗೆ ದಂಡವಿದೆ. ನನ್ನ ಮಾತು ದಂಡಕ್ಕಿಂತ ಸರಳ: ನಿಮ್ಮ ತೋಟದ ಬೆವರಿನ ಹಣವನ್ನು ನೀವೇ ಕಳ್ಳನ ಗಂಟಿನೊಡನೆ ಬೆರೆಸುತ್ತಿದ್ದೀರಿ.

ಇನ್ನು, ನ್ಯಾಯದ ದಾರಿಯಲ್ಲಿ ಹೋಗುವವರನ್ನೂ ಮೂಕರನ್ನಾಗಿ ಮಾಡಿ ಸುಲಿಯುವವರಿದ್ದಾರೆ. "ಕಮಿಷನ್ ಇಲ್ಲ" ಎಂಬ ಫಲಕವನ್ನು ನೋಡಿದ ಕೂಡಲೇ ನಮ್ಮವರು ಸಮಾಧಾನಪಡುತ್ತಾರೆ. ಕಮಿಷನ್ ಇಲ್ಲದಿರಬಹುದು, ಅದು ದರದೊಳಗೆ ಅಡಗಿರುತ್ತದೆ. ಮಾರುಕಟ್ಟೆಯಲ್ಲಿ ಡಾಲರಿನ ಬೆಲೆ ಎಷ್ಟೋ ಇರಲಿ, ನಿಮಗೆ ಅದಕ್ಕಿಂತ ಒಂದೂವರೆ ರೂಪಾಯಿ ಹೆಚ್ಚಿಗೆ ಹೇಳಿದರೆಂದಿಟ್ಟುಕೊಳ್ಳಿ: 40,000 ಡಾಲರಿಗೆ 60,000 ರೂಪಾಯಿ ಹೋಯಿತು. ಮಧ್ಯದ ಬ್ಯಾಂಕುಗಳು ಕತ್ತರಿಸುವ ಶುಲ್ಕ ಬೇರೆ. ಶಾಖೆಯ ವ್ಯವಸ್ಥಾಪಕರ ಎದುರು ಕುಳಿತು, "ನನ್ನದು ದೊಡ್ಡ ಮೊತ್ತ, ಫಲಕದ ದರ ಬೇಡ, ವಿಶೇಷ ದರ ಕೊಡಿ" ಎಂದು ಕೇಳಲು ಸಂಕೋಚವೇಕೆ? ಮೀನು ಕೊಳ್ಳುವಾಗ ನಾವು ಇಷ್ಟು ಸಂಕೋಚಪಡುವುದಿಲ್ಲವಲ್ಲ! ಯೇಸುಸ್ವಾಮಿ ದೇವಾಲಯದಲ್ಲಿ ನಾಣ್ಯ ವಿನಿಮಯಗಾರರ ಮೇಜುಗಳನ್ನು ಕೆಡವಿದ್ದು ನಿಮಗೆಲ್ಲ ನೆನಪಿದೆ. ದೇವಾಲಯದ ತೆರಿಗೆಗೆ ನಿರ್ದಿಷ್ಟ ನಾಣ್ಯವೇ ಬೇಕಾಗಿದ್ದುದರಿಂದ ದೂರದ ಯಾತ್ರಿಕರಿಗೆ ವಿನಿಮಯವಿಲ್ಲದೆ ಗತ್ಯಂತರವಿರಲಿಲ್ಲ. ಪ್ರಭುವನ್ನು ಕೆರಳಿಸಿದ್ದು, ಗತ್ಯಂತರವಿಲ್ಲದವನನ್ನು ಪ್ರಾರ್ಥನೆಯ ಮನೆಯಲ್ಲೇ ಸುಲಿಯುವ ಆ ವ್ಯವಹಾರ.

ಈಗ ನನಗೆ ಹೇಳಲು ಕಷ್ಟವಾಗುವ ಸಂಗತಿ. ಕೆನಡಾದಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವ ಅನೇಕರು ತಮ್ಮ ಬಳಿ ಸಾಕಷ್ಟು ಹಣವಿದೆಯೆಂದು ತೋರಿಸಬೇಕು, ಆ ಹಣ ಸಾಲದ್ದಾಗಿರಬಾರದು ಎಂಬುದು ಅಲ್ಲಿನ ಸರ್ಕಾರದ ನಿಯಮ. ನಮ್ಮವರು ಏನು ಮಾಡುತ್ತಾರೆ? ಚಿಕ್ಕಪ್ಪನಿಂದ, ಸೋದರಮಾವನಿಂದ ಕೆಲವು ತಿಂಗಳ ಮಟ್ಟಿಗೆ ಹಣ ತಂದು ಖಾತೆಯಲ್ಲಿಡುತ್ತಾರೆ. ಆ ಸಾಲವನ್ನು "ಪ್ರೀತಿಪೂರ್ವಕ ದಾನ, ಮರಳಿ ಕೊಡಬೇಕಾಗಿಲ್ಲ" ಎಂದು ಛಾಪಾ ಕಾಗದದಲ್ಲಿ ಬರೆಸುತ್ತಾರೆ. ವೀಸಾ ಬಂದ ವಾರದಲ್ಲೇ ದಾನ ಮರಳಿ ದಾನಿಯ ಖಾತೆಗೆ ಹೋಗುತ್ತದೆ. ಸುಳ್ಳು ಬಯಲಾದರೆ ಐದು ವರ್ಷ ಆ ದೇಶಕ್ಕೆ ಅರ್ಜಿ ಹಾಕುವಂತಿಲ್ಲ. ಬಯಲಾಗದಿದ್ದರೆ ಇನ್ನೂ ಕಷ್ಟ: ಕೈಯಲ್ಲಿ ಹಣವಿಲ್ಲದೆ, ಇದೆಯೆಂದು ಸುಳ್ಳು ಹೇಳಿ, ಹಿಮ ಬೀಳುವ ಊರಿನಲ್ಲಿ ಮಕ್ಕಳೊಡನೆ ಇಳಿದವನ ಮೊದಲ ಚಳಿಗಾಲವನ್ನು ಊಹಿಸಿಕೊಳ್ಳಿ. ಆ ನಿಯಮವಿರುವುದು ಅವನನ್ನು ಆ ಸ್ಥಿತಿಯಿಂದ ಕಾಪಾಡುವುದಕ್ಕೂ ಹೌದು. "ಎಲ್ಲರೂ ಮಾಡುತ್ತಾರೆ" ಎಂಬ ಸಮಜಾಯಿಷಿ ಎಂಟನೆಯ ಕಟ್ಟಳೆಗೆ ತಿದ್ದುಪಡಿ ತರುವುದಿಲ್ಲ.

ತೋಬಿತನ ಗ್ರಂಥಕ್ಕೆ ಮತ್ತೆ ಬರೋಣ. ಮಗ ಹೊರಟು ನಿಂತಾಗ ತಾಯಿ ಅನ್ನಾ ಅತ್ತಳು. ನಮ್ಮ ಊರುಗೋಲಾದ ಮಗನನ್ನು ಹಣಕ್ಕಾಗಿ ಕಳುಹಿಸುವುದೇಕೆ, ದೇವರು ಕೊಟ್ಟ ಇಷ್ಟರಲ್ಲೇ ಬದುಕಬಾರದೇ ಎಂದು ಗಂಡನನ್ನು ಕೇಳಿದಳು. ನಮ್ಮ ಮನೆಗಳಲ್ಲಿ ಇಂದು ಊರುಗೋಲೂ ಹೋಗುತ್ತಿದೆ, ಅದರ ಬೆನ್ನಿಗೆ ಹಣವೂ ಹೋಗುತ್ತಿದೆ. ಮೇಷ್ಟ್ರು ಕಳೆದುಕೊಂಡ 13 ಲಕ್ಷಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಪ್ರಶ್ನೆ: ಮಗನಿಗೆ ಸೇರಿದ್ದರೂ ಆ 22 ಲಕ್ಷ ಹೋದ ಮೇಲೆ ಮೇಷ್ಟ್ರ ಬಳಿ ಏನು ಉಳಿಯುತ್ತಿತ್ತು? ಪಿಂಚಣಿ ಮತ್ತು ಮೊಣಕಾಲು ನೋವಿನ ಹೆಂಡತಿ.

"ಹೇಗೂ ಎಲ್ಲ ಅವನಿಗೇ ಅಲ್ಲವೇ, ನಾವು ಸತ್ತ ಮೇಲೆ ಹಣ ಇಲ್ಲೇ ಸಿಕ್ಕಿಕೊಂಡರೆ?" ಎಂದು ತಂದೆತಾಯಂದಿರು ಕೇಳುತ್ತಾರೆ. ಈ ಭಯ ಹುಸಿ. ಅನಿವಾಸಿಯಾದ ಮಗ ಇಲ್ಲಿ ಎನ್‌ಆರ್‌ಒ ಖಾತೆ ಇಟ್ಟುಕೊಂಡರೆ, ಪಿತ್ರಾರ್ಜಿತವಾಗಿ ಬಂದ ಹಣವನ್ನೂ ಆಸ್ತಿ ಮಾರಿ ಬಂದ ಹಣವನ್ನೂ ತೆರಿಗೆ ಕಟ್ಟಿ, ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ, ವರ್ಷಕ್ಕೆ 10 ಲಕ್ಷ ಅಮೆರಿಕನ್ ಡಾಲರುಗಳವರೆಗೆ ಹೊರಗೆ ಒಯ್ಯಬಹುದು. ನಮ್ಮ ಧರ್ಮಕೇಂದ್ರದಲ್ಲಿ ಆ ಮಿತಿಯನ್ನು ಮೀರುವ ಮನೆ ಯಾವುದಿದೆಯೆಂದು ನಾನು ಅರಿಯೆ. ಕೃಷಿ ಭೂಮಿಯನ್ನು ಅನಿವಾಸಿಯು ಕೊಳ್ಳುವಂತಿಲ್ಲ, ಆದರೆ ತಂದೆಯಿಂದ ಪಿತ್ರಾರ್ಜಿತವಾಗಿ ಪಡೆಯಬಹುದು, ಇಲ್ಲಿನ ನಿವಾಸಿಗೆ ಮಾರಬಹುದು. ಆದ್ದರಿಂದ ಬದುಕಿರುವಾಗಲೇ ಕೈ ಬರಿದು ಮಾಡಿಕೊಳ್ಳುವ ಅವಸರಕ್ಕೆ ಕಾನೂನಿನ ನೆಪ ಹೇಳಬೇಡಿ.

ಇನ್ನು ಕೆಲವರು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯನ್ನು ನಂಬಿಕೊಂಡಿದ್ದಾರೆ. ಒಳ್ಳೆಯ ಕಾಯ್ದೆ. ಆದರೆ ಅದರಲ್ಲಿ ಹೇಳಿದ ಜೀವನಾಂಶದ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಅದೂ ಉಪವಿಭಾಗಾಧಿಕಾರಿಗಳ ಆದೇಶ ಟೊರೊಂಟೊ ತಲುಪಿದರೆ! ಮಗನ ಮೇಲೆ ದಾವೆ ಹೂಡುವ ತಾಯಿಯನ್ನು ನೀವು ನೋಡಿದ್ದೀರಾ? ಹೆಚ್ಚಿನ ತಾಯಂದಿರು ಔಷಧಿಯನ್ನು ಅರ್ಧ ಮಾಡಿ ನುಂಗುತ್ತಾರೆ.

ಮಕ್ಕಳೇ, ಹೊರಡುವವರೇ, ನಿಮಗೂ ಒಂದು ಮಾತು. ನೀವು ದುಡಿದು ಉಳಿಸಿದ್ದು ನಿಮ್ಮದು. ಅದನ್ನು ಬ್ಯಾಂಕಿನ ದಾರಿಯಲ್ಲಿ, ಒಂದೇ ದಿನದ ದರಕ್ಕೆ ಕಟ್ಟುಬೀಳದೆ ಎರಡು ಮೂರು ಕಂತುಗಳಲ್ಲಿ, ಪ್ರತಿಯೊಂದಕ್ಕೂ ರಶೀದಿ ಇಟ್ಟುಕೊಂಡು ಒಯ್ಯಿರಿ. ಹೊರಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಹಾಗೆಯೇ ಬಿಡದೆ ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಒ ಮಾಡಿಸಿರಿ. ಎಷ್ಟೋ ಮಂದಿ ವರ್ಷಗಟ್ಟಲೆ ಮರೆತು ಕುಳಿತಿದ್ದಾರೆ. ಆದರೆ ಅಪ್ಪನ ನಿವೃತ್ತಿಯ ಹಣ, ಅಮ್ಮನ ಚಿನ್ನ, ತಂಗಿಯ ಮದುವೆಗೆಂದು ಇಟ್ಟ ಠೇವಣಿ, ಇವು ನಿಮ್ಮ ವಲಸೆಯ ಬಂಡವಾಳವಲ್ಲ. ಕೊಲ್ಲಿ ರಾಷ್ಟ್ರಗಳಿಗೆ ಹೋದ ನಿಮ್ಮ ಹಿಂದಿನ ತಲೆಮಾರು ಬರಿಗೈಯಲ್ಲಿ ಹೋಗಿ ಮನೆಗೆ ಹಣ ಕಳುಹಿಸಿತು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಒಂದು ಲಕ್ಷಕ್ಕೂ ಮಿಕ್ಕಿ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಅಲ್ಲಿನ ಬ್ಯಾಂಕಿನಲ್ಲಿಟ್ಟ ದಿನಾರು ಕೈಗೆ ಸಿಗದೆ ಮರಳಿದವರನ್ನು ಕಾಪಾಡಿದ್ದು, ಅಪ್ಪ ಅಮ್ಮ ಇಲ್ಲಿ ಉಳಿಸಿಕೊಂಡಿದ್ದ ಮನೆ ಮತ್ತು ಅವರ ಹೆಸರಿನಲ್ಲಿದ್ದ ಠೇವಣಿ. ಇಂದು ಆ ಮನೆಯನ್ನೇ ಮಾರಿ ಹೊರಡುತ್ತೀರಿ. ಅಲ್ಲಿ ಏನಾದರೂ ಆದರೆ ಎಲ್ಲಿಗೆ ಮರಳುತ್ತೀರಿ?

ನಾವು ಗುರುಗಳೂ ಸುಮ್ಮನೆ ಕೈತೊಳೆದುಕೊಳ್ಳುವಂತಿಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಇದ್ದೇ ಇರುತ್ತಾರೆ. ವಿವಾಹ ಸಿದ್ಧತಾ ಶಿಬಿರ ನಡೆಸುವ ನಾವು, ವಲಸೆ ಹೊರಟವರನ್ನು ಅವರೊಡನೆ ಒಂದು ಸಂಜೆ ಕೂರಿಸಲಾರೆವೇ? ಆ ಮೇಷ್ಟ್ರಿಗೆ ಅಂಥ ಒಂದು ಸಂಜೆ ಸಿಕ್ಕಿದ್ದರೆ ಸಾಕಾಗಿತ್ತು.

ಕೆಲವು ತಿಂಗಳ ಹಿಂದೆ ಒಂದು ಕುಟುಂಬ ಅಂಥದೇ ದಾನಪತ್ರವೊಂದನ್ನು ಸಾಕ್ಷಿಯ ಸಹಿಗಾಗಿ ನನ್ನ ಬಳಿ ತಂದಿತು. ಕೊಡುವ ಸೋದರಮಾವ ಹೊರಗೆ ಕಾರಿನಲ್ಲಿ ಕುಳಿತಿದ್ದರು. "ಈ ಹಣ ಯಾವಾಗ ಮರಳಿ ಕೊಡುತ್ತೀರಿ?" ಎಂದು ಕೇಳಿದೆ. "ಜೂನ್‌ನಲ್ಲಿ, ಫಾದರ್" ಎಂದು ಹುಡುಗ ಬಾಯಿತಪ್ಪಿ ಹೇಳಿಬಿಟ್ಟ. ನಾನು ಸಹಿ ಹಾಕಲಿಲ್ಲ. ಆ ಕುಟುಂಬ ಈಗ ಭಾನುವಾರದ ಪೂಜೆಗೆ ಪಕ್ಕದ ಧರ್ಮಕೇಂದ್ರಕ್ಕೆ ಹೋಗುತ್ತದೆ.