ಬಫೆಲ್ ಹುಲ್ಲಿನ ಪರ ವಾದಿಸುವವರಿಗೆ

ಅಮೆರಿಕದ ಅರಿಜೋನ ರಾಜ್ಯದ ಟೂಸಾನ್ ನಗರದ ಸುತ್ತ ಇರುವ ಬೆಟ್ಟಗಳಲ್ಲಿ, ಜುಲೈ ಮಳೆ ಬಿದ್ದು ಹುಲ್ಲು ಹಸಿರಾದ ಕೂಡಲೇ, ಹಂಗಾಮಿ ಕೆಲಸಗಾರರ ಸಣ್ಣ ತಂಡಗಳು ಬೆನ್ನಿಗೆ ಔಷಧಿ ಪಂಪು ಕಟ್ಟಿಕೊಂಡು ಬಂಡೆ ಹತ್ತುತ್ತವೆ. ಚಳಿಗಾಲದಲ್ಲಿ ಅದೇ ಇಳಿಜಾರುಗಳಿಗೆ ಸ್ವಯಂಸೇವಕರು ಹಾರೆ, ಪಿಕಾಸಿ ಹಿಡಿದು ಹೋಗುತ್ತಾರೆ. ಎಲ್ಲರೂ ನಾಶಮಾಡಲು ಹುಡುಕಿಕೊಂಡು ಹೋಗುವುದು ಬಫೆಲ್ ಹುಲ್ಲನ್ನು. ಸಗ್ವಾರೊ ರಾಷ್ಟ್ರೀಯ ಉದ್ಯಾನ, ಐರನ್‌ವುಡ್ ಫಾರೆಸ್ಟ್, ಮೆಕ್ಸಿಕೊ ಗಡಿಯ ಆರ್ಗನ್ ಪೈಪ್ ಕ್ಯಾಕ್ಟಸ್ ಸ್ಮಾರಕ ಪ್ರದೇಶ, ಈ ಕೆಲಸ ನಡೆಯುವ ಇವೆಲ್ಲ ಸಾರ್ವಜನಿಕ ಜಮೀನು. ಈ ಕೆಲಸ ದಂಡ, ಅಪಾಯಕಾರಿ, ಅನ್ಯಾಯ ಎಂದು ಮೂರು ದಿಕ್ಕಿನಿಂದ ಆಕ್ಷೇಪ ಬರುತ್ತದೆ. ಆಕ್ಷೇಪಿಸುವವರ ಮಾತನ್ನು ಎಲ್ಲೂ ದುರ್ಬಲಗೊಳಿಸದೆ ಒಂದೊಂದಾಗಿ ಮುಂದಿಡುತ್ತೇನೆ. ನಿಲ್ಲುತ್ತದೋ ಬೀಳುತ್ತದೋ ಓದುಗರೇ ಹೇಳಲಿ.

ಮೊದಲನೆಯದು ನೀತಿಯ ಮಾತು. ಗಿಡಕ್ಕೆ ಗಡಿ ಎಲ್ಲಿಯದು, ಹೊರಗಿನಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಒಂದು ಹುಲ್ಲನ್ನು ಕೊಲ್ಲುವುದು ವಲಸಿಗರನ್ನು ದ್ವೇಷಿಸುವ ಮನಸ್ಸಿನ ಇನ್ನೊಂದು ಮುಖ ಎನ್ನುತ್ತಾರೆ. ಬೆಂಬಲಕ್ಕೆ 2011ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಾರ್ಕ್ ಡೇವಿಸ್ ಮತ್ತು ಇತರ 18 ಮಂದಿ ಪರಿಸರ ವಿಜ್ಞಾನಿಗಳು ಬರೆದ ಲೇಖನವನ್ನು ತೋರಿಸುತ್ತಾರೆ. ತೋರಿಸುವವರು ಅದನ್ನು ಕೊನೆತನಕ ಓದಿದಂತಿಲ್ಲ. ಒಂದು ಪ್ರಭೇದ ಎಲ್ಲಿಂದ ಬಂತು ಎಂದು ನೋಡಬೇಡಿ, ಬಂದಲ್ಲಿ ಏನು ಮಾಡುತ್ತಿದೆ ಎಂದು ನೋಡಿ ಎಂಬುದು ಆ ಲೇಖನದ ವಾದ. ನಾವು ಕೇಳುತ್ತಿರುವುದೂ ಅಷ್ಟನ್ನೇ. ಇದೇ ಬಫೆಲ್ ಹುಲ್ಲು ಆಫ್ರಿಕದಿಂದ ಹಿಡಿದು ನಮ್ಮ ದೇಶದವರೆಗೆ ಸಹಜವಾಗಿ ಬೆಳೆಯುತ್ತದೆ. ನಾವು ಅದನ್ನು ಅಂಜನ ಹುಲ್ಲು ಎನ್ನುತ್ತೇವೆ, ರಾಜಸ್ಥಾನದವರು ಧಾಮಣ ಎನ್ನುತ್ತಾರೆ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಅದನ್ನು ಒಳ್ಳೆಯ ಮೇವೆಂದು ಬೆಳೆಸಲು ಹೇಳುತ್ತದೆ. ಅಲ್ಲಿಗೆ ಹೋಗಿ ಅದನ್ನು ಕೀಳಬೇಕೆಂದು ಯಾರೂ ಹೇಳಿಲ್ಲ. ತಿರುಗಿಸಿ ನೋಡಿ. ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದ ಬಳ್ಳಾರಿ ಜಾಲಿ ಉತ್ತರ ಕರ್ನಾಟಕದ ಕೆರೆಯಂಗಳ, ಗೋಮಾಳಗಳನ್ನು ಹೇಗೆ ನುಂಗಿತೆಂದು ಆ ಸೀಮೆಯ ರೈತರನ್ನು ಕೇಳಿದರೆ ಸಾಕು. ಅದರ ಹತ್ತಿರದ ಬಳಗದ ಮೆಸ್ಕೀಟ್ ಮರ ಅರಿಜೋನದಲ್ಲಿ ಎಳೆಯ ಕಳ್ಳಿಗಳಿಗೆ ನೆರಳು ಕೊಟ್ಟು ಕಾಪಾಡುತ್ತದೆ. ಆ ಕಳ್ಳಿ ಬೆಟ್ಟಗಳಲ್ಲಿ ಅದಕ್ಕೆ ಯಾರೂ ಕೊಡಲಿ ಎತ್ತುವುದಿಲ್ಲ. ಹುಟ್ಟೂರಿನ ಮೇಲೆ ದ್ವೇಷವಿದ್ದಿದ್ದರೆ ಈ ಲೆಕ್ಕ ಹೀಗೆ ಬರುತ್ತಿರಲಿಲ್ಲ. ಇನ್ನು ವಲಸೆಯ ಮಾತು. ಬಫೆಲ್ ಹುಲ್ಲು ತಾನಾಗಿ ಅಮೆರಿಕಕ್ಕೆ ಹೋಗಲಿಲ್ಲ. ಮಣ್ಣಿನ ಸವಕಳಿ ತಡೆಯಲು, ದನಕ್ಕೆ ಮೇವಾಗಲು ಎಂದು 1930, 40ರ ದಶಕಗಳಲ್ಲಿ ಸರ್ಕಾರದ ಮಣ್ಣು ಸಂರಕ್ಷಣಾ ಇಲಾಖೆಯೇ ಬೀಜ ತರಿಸಿ, ತಳಿ ಆರಿಸಿ, ಬಿತ್ತಿಸಿತು. ಸರ್ಕಾರ ಬಿತ್ತಿದ್ದನ್ನು ಸರ್ಕಾರ ಕೀಳುವುದು ದ್ವೇಷವಲ್ಲ, ಹೊಣೆಗಾರಿಕೆ.

ಹಾಗಾದರೆ ಆ ಹುಲ್ಲು ಏನು ಮಾಡುತ್ತಿದೆ? ಇಲ್ಲಿ ಎದುರಾಗುವ ವಾದ: ಬೆಂಕಿ ಪ್ರಕೃತಿಯದೇ, ಸಿಡಿಲು ಹಿಂದೆಯೂ ಬಡಿಯುತ್ತಿತ್ತು, ಮರುಭೂಮಿ ಸುಟ್ಟು ಮತ್ತೆ ಚಿಗುರುತ್ತದೆ. ಬೇರೆ ಕಾಡುಗಳ ಮಟ್ಟಿಗೆ ಇದು ನಿಜವಿರಬಹುದು, ಈ ಬೆಟ್ಟಗಳಿರುವ ಸೊನೋರಾ ಮರುಭೂಮಿಯ ಮಟ್ಟಿಗೆ ಶುದ್ಧ ತಪ್ಪು. ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ ಕಾಣುವ ಆ ನೆಲದಲ್ಲಿ ಗಿಡ ಗಿಡದ ನಡುವೆ ಬರಿಯ ಮಣ್ಣು. ಸಿಡಿಲು ಬಡಿದರೆ ಒಂದು ಪೊದೆ ಉರಿದು ಅಲ್ಲೇ ಆರುತ್ತಿತ್ತು, ಯಾಕೆಂದರೆ ಬೆಂಕಿಗೆ ದಾಟಲು ದಾರಿಯಿರಲಿಲ್ಲ. ಬಫೆಲ್ ಹುಲ್ಲು ತುಂಬುವುದು ಸರಿಯಾಗಿ ಆ ಖಾಲಿ ಜಾಗವನ್ನೇ. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದು, ಒಣಗಿ, ತಿಂಗಳುಗಟ್ಟಲೆ ಹಾಗೆಯೇ ನಿಂತಿರುತ್ತದೆ. ಕಿಡಿ ಬಿದ್ದರೆ ಇಡೀ ಇಳಿಜಾರು ಹೊತ್ತಿಕೊಳ್ಳುತ್ತದೆ. ಸಗ್ವಾರೊ ಕಳ್ಳಿ, ಪಾಲೊವರ್ಡೆ ಮರ ಬೆಂಕಿ ಕಂಡು ಬೆಳೆದವಲ್ಲ, ಸುಟ್ಟರೆ ಸಾಯುತ್ತವೆ. ಬಫೆಲ್ ಹುಲ್ಲಿನ ಬುಡ ಮಾತ್ರ ಮುಂದಿನ ಮಳೆಗೆ ಚಿಗುರುತ್ತದೆ, ಈಗ ಪೈಪೋಟಿಗೆ ಯಾರೂ ಇಲ್ಲದ ನೆಲದಲ್ಲಿ ಇನ್ನಷ್ಟು ಹಬ್ಬುತ್ತದೆ, ಮುಂದಿನ ಬೆಂಕಿಗೆ ಇನ್ನಷ್ಟು ಉರುವಲಾಗುತ್ತದೆ. ಹೊರಗಿನ ಹುಲ್ಲು ಇಂಥ ನೆಲದಲ್ಲಿ ಬೆಂಕಿಯನ್ನು ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ 2005ರ ಜೂನ್‌ನ ಕೇವ್ ಕ್ರೀಕ್ ಬೆಂಕಿ ಸಾಕ್ಷಿ. ಫೀನಿಕ್ಸ್‌ನ ಉತ್ತರಕ್ಕೆ ಸುಮಾರು 2,48,000 ಎಕರೆ ಸುಟ್ಟಿತು. ಅಲ್ಲಿ ಉರುವಲಾಗಿದ್ದದ್ದು ಮುಖ್ಯವಾಗಿ ಮೆಡಿಟರೇನಿಯನ್ ಕಡೆಯಿಂದ ಬಂದ ರೆಡ್ ಬ್ರೋಮ್ ಎಂಬ ಇನ್ನೊಂದು ಹುಲ್ಲು. ಸುಟ್ಟು ಮತ್ತೆ ಚಿಗುರುತ್ತದೆ ಎನ್ನುವವರು ಸಗ್ವಾರೊದ ವಯಸ್ಸು ಕೇಳಿಕೊಳ್ಳಬೇಕು. ಹತ್ತು ವರ್ಷ ಕಳೆದರೂ ಅದರ ಎತ್ತರ ಕೆಲವೇ ಸೆಂಟಿಮೀಟರ್. ಮೊದಲ ತೋಳು ಮೂಡಲು ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕು. ತೋಳು ಚಾಚಿ ನಿಂತ ಒಂದು ಸಗ್ವಾರೊ ಒಂದು ಮಧ್ಯಾಹ್ನದಲ್ಲಿ ಸುಟ್ಟುಹೋದರೆ, ಅದರ ಜಾಗಕ್ಕೆ ಇನ್ನೊಂದು ಬರುವುದನ್ನು ನಮ್ಮಲ್ಲಿ ಹೆಚ್ಚಿನವರು ನೋಡಲಾರರು.

ಮೇವಿನ ವಾದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ದನ ಬಿಟ್ಟರೆ ಹುಲ್ಲೂ ಮುಗಿಯುತ್ತದೆ, ಹಾಲು ಮಾಂಸವೂ ಆಗುತ್ತದೆ ಎನ್ನುತ್ತಾರೆ. ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವುದಿಲ್ಲ ಎಂಬುದನ್ನು ಬದಿಗಿಟ್ಟರೂ, ಈ ಹುಲ್ಲು ದಟ್ಟವಾಗಿರುವುದು ದನ ಕಾಲಿಡಲಾರದ ಕಡಿದಾದ ಬಂಡೆ ಇಳಿಜಾರುಗಳಲ್ಲಿ. ದನ ಹೋಗಬಲ್ಲ ಕಡೆ ಅದು ಬಫೆಲ್ ಹುಲ್ಲನ್ನಷ್ಟೇ ಆರಿಸಿ ತಿನ್ನುವುದಿಲ್ಲ, ಮರದಡಿಯ ಎಳೆಯ ಕಳ್ಳಿಯನ್ನೂ ತುಳಿಯುತ್ತದೆ. ಮೆಕ್ಸಿಕೊದ ಸೊನೋರಾ ರಾಜ್ಯದಲ್ಲಿ ಈ ಹುಲ್ಲನ್ನು ಬಿತ್ತಲೆಂದು ಲಕ್ಷಾಂತರ ಹೆಕ್ಟೇರ್ ಮರುಭೂಮಿಯನ್ನು ಬೋಳಿಸಿದ್ದು ನಮ್ಮ ಕಣ್ಣೆದುರಿಗಿದೆ. ಅರಿಜೋನ ರಾಜ್ಯವಂತೂ 2005ರಲ್ಲೇ ಇದನ್ನು ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿತು.

ಈಗ ವಿಷದ ಪ್ರಶ್ನೆ. ಇದನ್ನು ಎತ್ತುವವರಲ್ಲಿ ಪ್ರಾಮಾಣಿಕರು ಹೆಚ್ಚು, ಹಾಗಾಗಿ ನಿಧಾನವಾಗಿ ಉತ್ತರಿಸಬೇಕು. ಬಳಸುವುದು ಬಹುತೇಕ ಗ್ಲೈಫೋಸೇಟ್, ನಮ್ಮ ರೈತರು ರೌಂಡಪ್ ಎಂಬ ಹೆಸರಿನಲ್ಲಿ ಬಲ್ಲ ಅದೇ ಕಳೆನಾಶಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರ ಮಾರ್ಚ್‌ನಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ಈ ಜಗಳವನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಕೈಗವಸು, ಉದ್ದತೋಳಿನ ಅಂಗಿ, ಅಳತೆ, ತರಬೇತಿ ಇವುಗಳಲ್ಲಿ ಒಂದನ್ನೂ ಬಿಡಬಾರದೆಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ ನಾನೂ ಅವರ ಜೊತೆ. ಆದರೆ ನೂರಾರು ಎಕರೆ ಮೆಕ್ಕೆಜೋಳಕ್ಕೆ ಯಂತ್ರದಿಂದ ಸುರಿಯುವ ಪ್ರಮಾಣವನ್ನು ತೋರಿಸಿ, ಬುಡ ಬುಡ ಹುಡುಕಿ ಹೊಡೆಯುವ ಈ ಕೆಲಸವನ್ನು ಅಳೆಯುವುದು ನ್ಯಾಯವಲ್ಲ. ಯಾವ ಬುಡಕ್ಕೆ ಬಿತ್ತು, ಯಾವುದಕ್ಕಿಲ್ಲ ಎಂದು ಕಾಣಲೆಂದೇ ದ್ರಾವಣಕ್ಕೆ ನೀಲಿ ಬಣ್ಣ ಬೆರೆಸಿರುತ್ತಾರೆ. ಹಾಗಾಗಿ ಒಂದೇ ಬುಡಕ್ಕೆ ಎರಡು ಸಲ ಬೀಳುವುದಿಲ್ಲ. ಮುಖ್ಯವಾದ ಮಾತು ಮುಂದಿದೆ. ಔಷಧಿ ಬೇಡ, ಕೈಯಲ್ಲೇ ಕೀಳಿ ಎನ್ನುವವರು, ಕೈಯಲ್ಲಿ ಕೀಳಲು ಎಷ್ಟು ಜನ ಬೇಕು, ಕೂಲಿ ಎಷ್ಟಾಗುತ್ತದೆ ಎಂದ ಕೂಡಲೇ ಅಷ್ಟು ದುಡ್ಡು ಯಾಕೆ ಎಂದು ಕೇಳುತ್ತಾರೆ. ಔಷಧಿ ವಿಷ, ಆಳು ದುಬಾರಿ. ಎರಡನ್ನೂ ಒಟ್ಟಿಗೆ ಹೇಳುವವರು ಕೊಡುತ್ತಿರುವುದು ಮೂರನೆಯ ಉತ್ತರ: ಏನೂ ಮಾಡಬೇಡಿ. ಅದನ್ನು ನೇರವಾಗಿ ಹೇಳಿದರೆ ಅದರ ಪರಿಣಾಮಕ್ಕೂ ಅವರು ಹೊಣೆ ಹೊರಬೇಕಾಗುತ್ತದೆ. ಅದಕ್ಕೇ ಹೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಹತಾಶೆಯ ವಾದ. ಕಿತ್ತರೆ ಮತ್ತೆ ಬರುತ್ತದೆ, ಪ್ರತಿ ವರ್ಷ ಅದೇ ಬೆಟ್ಟ, ಅದೇ ಹುಲ್ಲು, ಇದಕ್ಕೆ ಕೊನೆ ಎಲ್ಲಿ? ಕೊನೆ ಎಲ್ಲಿದೆ ಎಂದು ಬೀಜವನ್ನೇ ಕೇಳಬಹುದು. ಬಫೆಲ್ ಹುಲ್ಲಿನ ಬೀಜ ಮಣ್ಣಿನಲ್ಲಿ ಜೀವ ಹಿಡಿದಿರುವುದು ಹೆಚ್ಚೆಂದರೆ ಕೆಲವೇ ವರ್ಷ. ಹೊಸ ತೆನೆ ಬಲಿಯಲು ಬಿಡದೆ ಅದೇ ಜಾಗಕ್ಕೆ ವರ್ಷ ವರ್ಷ ಹೋದರೆ ಮಣ್ಣಿನೊಳಗಿನ ದಾಸ್ತಾನು ಖಾಲಿಯಾಗುತ್ತದೆ, ಮೊದಲ ವರ್ಷದ ದೊಡ್ಡ ಕೆಲಸ ಆಮೇಲೆ ಅಲ್ಲೊಂದು ಇಲ್ಲೊಂದು ಸಸಿ ಹುಡುಕುವ ಕೆಲಸವಾಗುತ್ತದೆ. ಇದು ಬರಿಯ ಲೆಕ್ಕಾಚಾರವಲ್ಲ. ಆರ್ಗನ್ ಪೈಪ್‌ನಲ್ಲಿ 1990ರ ದಶಕದಲ್ಲಿ ಶುರುವಾದ ಕೆಲಸ, ಬಹುಪಾಲು ಕೈಯಿಂದಲೇ ಕಿತ್ತದ್ದು, ಹುಲ್ಲು ಹಬ್ಬಿದ್ದ ಬಹುಭಾಗ ನೆಲವನ್ನು ಬಿಡಿಸಿಕೊಂಡಿತು. ಐರನ್‌ವುಡ್ ಫಾರೆಸ್ಟ್‌ನ ವಾಟರ್‌ಮನ್ ಬೆಟ್ಟದ ಬುಡದಲ್ಲಿ ಹುಲ್ಲು ಮುತ್ತಿದ್ದ ಹಳೆಯ ವಿಮಾನ ಓಡುದಾರಿಯನ್ನು ಸ್ವಯಂಸೇವಕರು ತೆರವುಗೊಳಿಸಿ ಸ್ಥಳೀಯ ಗಿಡಗಳನ್ನು ಮತ್ತೆ ಬೆಳೆಸಿದರು. ಸೋಲು ಕಂಡ ಕಡೆಗಳನ್ನು ನೋಡಿದರೆ ಕಾರಣ ಬಹುತೇಕ ಒಂದೇ: ಎರಡು ವರ್ಷ ಹೋಗಿ ಮೂರನೆಯ ವರ್ಷ ಹೋಗಲಿಲ್ಲ. ಕೆಲಸ ನಿಲ್ಲಿಸಿದ್ದರಿಂದ ಹುಲ್ಲು ಬಂತು. ಹುಲ್ಲು ಬಂತೆಂದು ಕೆಲಸ ನಿಲ್ಲಿಸಿ ಎನ್ನುವುದು ಯಾವ ತರ್ಕ? ರಾಗಿ ಹೊಲದಲ್ಲಿ ಕಳೆ ತೆಗೆದ ರೈತನಿಗೆ, ಮುಂದಿನ ವರ್ಷವೂ ಕಳೆ ಬರುತ್ತದೆ, ಹಾಗಾಗಿ ನೀನು ಮಾಡಿದ್ದು ವ್ಯರ್ಥ ಎಂದು ಯಾರೂ ಹೇಳುವುದಿಲ್ಲ. ಹೊಲಕ್ಕೊಬ್ಬ ಒಡೆಯನಿದ್ದಾನೆ, ಸಾರ್ವಜನಿಕ ಜಮೀನಿಗೆ ಒಡೆಯ ನಾವೆಲ್ಲರೂ ಎಂಬುದಷ್ಟೇ ವ್ಯತ್ಯಾಸ.

ಹವಾಮಾನ ಬದಲಾಗುತ್ತಿದೆ, ಸಗ್ವಾರೊ ಹೇಗೂ ಉಳಿಯುವುದಿಲ್ಲ ಎನ್ನುವವರೂ ಇದ್ದಾರೆ. ಬರ ನಿಜ. ಸಗ್ವಾರೊ ಉದ್ಯಾನದಲ್ಲಿ 1990ರ ದಶಕದಿಂದೀಚೆಗೆ ಹೊಸ ಸಸಿಗಳು ಬದುಕಿ ಬೆಳೆಯುವುದು ಬಹಳ ಕಡಿಮೆಯಾಗಿದೆ ಎಂಬುದೂ ನಿಜ. ಇದರಿಂದ ಅವರು ಎಳೆಯುವ ತೀರ್ಮಾನ ಮಾತ್ರ ತಲೆಕೆಳಗು. ಸಸಿ ಕಡಿಮೆಯಾದಾಗ ನಿಂತ ಕಳ್ಳಿಯ ಬೆಲೆ ಹೆಚ್ಚುತ್ತದೆ. ಬೀಜ ಕೊಡುವವು ಅವೇ. ಬೇಸಿಗೆಯಲ್ಲಿ ಆ ಮರುಭೂಮಿಯ ಮೂಲನಿವಾಸಿಗಳಾದ ಟೊಹೋನೊ ಓಧಮ್ ಜನ ಉದ್ದನೆಯ ಕೋಲಿನಿಂದ ಹಣ್ಣು ಇಳಿಸುವುದೂ ಅವುಗಳಿಂದಲೇ. ಬರ ಒಂದೊಂದನ್ನೇ ದಶಕಗಳಲ್ಲಿ ಕೊಂಡೊಯ್ಯುತ್ತದೆ, ಬೆಂಕಿ ಇಡೀ ಬೆಟ್ಟವನ್ನು ಒಂದೇ ದಿನದಲ್ಲಿ. ಮೊದಲನೆಯದಕ್ಕೆ ಅರಿಜೋನವೊಂದೇ ಮದ್ದು ಮಾಡಲಾರದು. ಎರಡನೆಯದಕ್ಕೆ ಮದ್ದು ಕೆಲಸಗಾರರ ಬೆನ್ನ ಮೇಲಿದೆ.

ಉಳಿದದ್ದು ಆ ಕೆಲಸಗಾರರ ಬಗ್ಗೆಯೇ ಇರುವ ಆಕ್ಷೇಪ: ಹುಲ್ಲು ಕೀಳಲು ಪರಿಣತಿ ಏನು, ಬೇಕಾದಾಗ ಯಾರನ್ನಾದರೂ ಕರೆದರಾಯಿತು, ಹಂಗಾಮಿ ಹುದ್ದೆಗಳನ್ನು ಕಡಿತ ಮಾಡಿದರೆ ನಷ್ಟವೇನಿಲ್ಲ. ಹೀಗೆನ್ನುವವರು ಒಂದು ಹುಲ್ಲಿನ ತೆನೆಯನ್ನು ಕೈಗೆ ತೆಗೆದುಕೊಳ್ಳಲಿ. ಕಂದುಬಣ್ಣದ, ಕುಂಚದಂಥ ತೆನೆ. ಅದನ್ನು ಹೋಲುವ ಸ್ಥಳೀಯ ಹುಲ್ಲುಗಳೂ ಅದೇ ಇಳಿಜಾರಿನಲ್ಲಿವೆ. ಅನುಭವಿಯು ತೆನೆಯನ್ನು ಬೆರಳ ನಡುವೆ ಹಿಡಿದು ಕೆಳಗಿನಿಂದ ಮೇಲಕ್ಕೆ ಎಳೆದು ಬೀಜ ಉದುರಿಸಿ, ಉಳಿದ ಬೋಳು ಕಡ್ಡಿಯನ್ನು ಉಗುರಿನಿಂದ ತಡವುತ್ತಾನೆ. ಅದು ಮರಳುಕಾಗದದಂತೆ ಒರಟಾಗಿದ್ದರೆ ಬಫೆಲ್. ಕೀಳುವಾಗ ಹಾರೆಯನ್ನು ಕಲ್ಲಿನ ಸಂದಿಗೆ ಹಾಕಿ ಬೇರುಗಂಟನ್ನು ಪೂರ್ತಿ ಎಬ್ಬಿಸಬೇಕು. ಮೇಲಿನ ಹುಲ್ಲು ಮಾತ್ರ ಕೈಗೆ ಬಂದರೆ ಮುಂದಿನ ಮಳೆಗೆ ಮತ್ತೆ ಚಿಗುರು. ಬಲಿತ ತೆನೆಯನ್ನು ಚೀಲಕ್ಕೆ ತುಂಬದೆ ಇಳಿದು ಬಂದವನು ಬೀಜ ಬಿತ್ತಿ ಬಂದಂತೆ. ಔಷಧಿಯ ವಿಷಯದಲ್ಲಿ ಅವಕಾಶ ಇನ್ನೂ ಕಿರಿದು. ಎಲೆ ಹಸಿರಾಗಿ ಬೆಳೆಯುತ್ತಿರುವಾಗ ಮಾತ್ರ ಗ್ಲೈಫೋಸೇಟ್ ಬೇರಿಗೆ ಇಳಿಯುತ್ತದೆ, ಒಣಗಿದ ಹುಲ್ಲಿಗೆ ಹೊಡೆದದ್ದು ನೆಲಕ್ಕೆ ಸುರಿದಂತೆ. ಅಂದರೆ ಜುಲೈನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಮಳೆ ಬಿದ್ದ ಬೆಟ್ಟದಲ್ಲಿ, ಕೆಲವೇ ವಾರ. ಬಿಸಿಲು 38 ಡಿಗ್ರಿ ದಾಟುವ ಮೊದಲು, ಬೆಳಕು ಹರಿಯುವಾಗಲೇ ಹತ್ತಬೇಕು.

ಬೇಕಾದಾಗ ಕರೆದರಾಯಿತು ಎಂಬ ಮಾತಿನ ಪೊಳ್ಳು ಕಾಣುವುದು ಈ ಕೆಲವೇ ವಾರಗಳಲ್ಲಿ. ಅರಿಜೋನದಲ್ಲಿ ಮಳೆಗಾಲದ ಲೆಕ್ಕ ಶುರುವಾಗುವುದು ಜೂನ್ 15ಕ್ಕೆ. ಅಷ್ಟರೊಳಗೆ ಆಳುಗಳ ನೇಮಕ ಆಗಿರಬೇಕು, ಔಷಧಿ ಬಳಕೆಯ ತರಬೇತಿ ಮುಗಿದಿರಬೇಕು, ಯಾವ ಇಳಿಜಾರಿಗೆ ಯಾರು ಎಂಬ ನಕ್ಷೆ ಸಿದ್ಧವಿರಬೇಕು. 2025ರ ಜನವರಿ 20ರಂದು ಅಮೆರಿಕದ ಕೇಂದ್ರ ಸರ್ಕಾರದ ನೇಮಕಾತಿಗೆ ತಡೆ ಬಿತ್ತು. ರಾಷ್ಟ್ರೀಯ ಉದ್ಯಾನಗಳ ಹಂಗಾಮಿ ಕೆಲಸಕ್ಕೆ ಆಗಲೇ ಕೊಟ್ಟಿದ್ದ ಪತ್ರಗಳು ರದ್ದಾದವು, ಮುಂದಿನ ತಿಂಗಳು ಮತ್ತೆ ನೇಮಿಸಿಕೊಳ್ಳುತ್ತೇವೆ ಎಂದರು. ಕಚೇರಿಯ ದೃಷ್ಟಿಯಲ್ಲಿ ಅದು ಕೆಲವು ವಾರಗಳ ವಿಳಂಬ. ಆದರೆ ಆ ವಾರಗಳಲ್ಲಿ ಬೇರೆ ಕೆಲಸ ಹಿಡಿದು ಹೋದ ಅನುಭವಿ ಆಳು ಜುಲೈಗೆ ಸಿಗುವುದಿಲ್ಲ, ಅವನ ಜಾಗಕ್ಕೆ ಬಂದ ಹೊಸಬನಿಗೆ ಒರಟು ಕಡ್ಡಿ ಯಾವುದು, ನಯವಾದದ್ದು ಯಾವುದು ಎಂದು ಕಲಿಸುವಷ್ಟರಲ್ಲಿ ಮಳೆ ಮುಗಿದು ತೆನೆ ಬಲಿತಿರುತ್ತದೆ. ಹಂಗಾಮಿ ಹುದ್ದೆ ಕಡಿತದಿಂದ ನಷ್ಟವಿಲ್ಲ ಎನ್ನುವವರು ಮುಂದಿನ ಅಕ್ಟೋಬರ್‌ನಲ್ಲಿ ಅದೇ ಬೆಟ್ಟಕ್ಕೆ ಹೋಗಿ, ಆ ವರ್ಷ ಯಾರೂ ಹೋಗದ ಇಳಿಜಾರಿನಲ್ಲಿ ಒಣಗಿ ನಿಂತ ಹುಲ್ಲನ್ನು ನೋಡಿ ಬಂದು ಆಮೇಲೆ ಮಾತಾಡಲಿ.