ಮಿಕ್ಕ ಮಾತ್ರೆ, ಒಣಗಿದ ನಲ್ಲಿ

ಇಂಥ ವಿಷಯವನ್ನು ವಾರ್ಷಿಕ ಸಂಚಿಕೆಯಲ್ಲಿ ಎತ್ತಬಹುದೇ ಎಂದು ಕೆಲವರು ಹುಬ್ಬೇರಿಸಬಹುದು. ಮುಚ್ಚಿಟ್ಟೇ ಇದು ಬೆಳೆದಿರುವುದರಿಂದ ಎತ್ತುತ್ತಿದ್ದೇನೆ.

ಕಳೆದ ವರ್ಷ ಪರೀಕ್ಷೆಯ ದಿನಗಳಲ್ಲಿ ನನಗೆ ಉರಿಮೂತ್ರವಾಯಿತು. ಹಾಸ್ಟೆಲಿನ ಗೆಳತಿಯೊಬ್ಬಳು ತನ್ನಲ್ಲಿ ಮಿಕ್ಕಿದ್ದ ಎರಡು ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಕೊಟ್ಟಳು. ಉರಿ ತಗ್ಗಿತು; ಹದಿನೈದು ದಿನಕ್ಕೆ ಮರಳಿತು. ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದಾಗ ಬಂದ ವರದಿಯಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಹೆಸರು. ಕೆಳಗೆ ಹಲವು ಔಷಧಗಳ ಮುಂದೆ ಸಾಲಾಗಿ 'ಆರ್' ಅಕ್ಷರ. ಆ ಔಷಧಗಳಿಗೆ ಅದು ಜಗ್ಗದು ಎಂದರ್ಥ. ಎಂದೂ ಆಸ್ಪತ್ರೆ ಸೇರದ ಇಪ್ಪತ್ತರ ಹುಡುಗಿಗೆ ಇದು ಎಲ್ಲಿಂದ ಬಂತು?

ಹೆಚ್ಚಾಗಿ ನಮ್ಮ ಕರುಳಿನಿಂದಲೇ. ಅಲ್ಲಿ ಇ. ಕೋಲಿ ಸಾಧುವಾಗಿಯೇ ಇರುತ್ತದೆ. ನೆಗಡಿಗೆಂದು ನಾವು ನುಂಗುವ ಆಂಟಿಬಯಾಟಿಕ್ ನೆಗಡಿಯ ವೈರಸ್ಸನ್ನು ಮುಟ್ಟುವುದಿಲ್ಲ. ಕರುಳಿನ ದುರ್ಬಲ ಬ್ಯಾಕ್ಟೀರಿಯಾಗಳನ್ನು ಕೊಂದು ಗಟ್ಟಿಯಾದವನ್ನು ಉಳಿಸುತ್ತದೆ. ಅವು ತಮ್ಮ ವಿದ್ಯೆಯನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ನೆರೆಯವಕ್ಕೂ ಹಂಚುತ್ತವೆ. (ನೋಟ್ಸ್ ಹಂಚುವುದರಲ್ಲಿ ನಮಗಿಂತ ಉದಾರಿಗಳು!) ಅರೆಬರೆ ಪ್ರಮಾಣದ ಔಷಧದ ಅಪಾಯವನ್ನು ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಹೇಳಿದ್ದರು.

ಆದರೆ ಮಾತ್ರೆಯನ್ನಷ್ಟೇ ದೂರಿ ಫಲವೇನು? ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ಒಣಗಿದೆಯೆಂದು ನಮ್ಮಲ್ಲಿ ಹಲವರು ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಈ ಬೇನೆ ಮರುಕಳಿಸುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಸ್ತ್ರೀಯರ ಪೈಕಿ ಅರ್ಧ ಮಂದಿ ದಿನಕ್ಕೆ ಒಂದೂವರೆ ಲೀಟರು ಹೆಚ್ಚು ನೀರು ಕುಡಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಬಾರಿ ಬೇನೆ ಬಂದರೆ, ಉಳಿದವರಿಗೆ 3.2 ಬಾರಿ. ಔಷಧದ ಬಳಕೆಯೂ ಇಳಿಯಿತು.

ವಾರ್ಷಿಕೋತ್ಸವದ ಕಮಾನಿಗೆ ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಗುರುಗಳು ಆ ನಲ್ಲಿಗೆ ಕೊಡಿಸಲಿ. ಮಿಕ್ಕ ಮಾತ್ರೆ ಹಂಚುವುದನ್ನು ನಾವೂ ನಿಲ್ಲಿಸುತ್ತೇವೆ.