ಅಳತೆಯ ಡೇಟಾವೂ ಮನೆಯ ಲ್ಯಾಪ್‌ಟಾಪೂ

ಕಳೆದ ಸಂಚಿಕೆಯಲ್ಲಿ ಮಳೆಗಾಲಕ್ಕೆ ಮುನ್ನ ಉಗ್ರಾಣವನ್ನು ಓರಣಗೊಳಿಸುವ ವಿಚಾರವಾಗಿ ಬರೆದಿದ್ದೆವು. ಈ ಸಲ ಉಗ್ರಾಣದಲ್ಲಿ ಕಣ್ಣಿಗೆ ಕಾಣದಿದ್ದರೂ ದಿನದಿನವೂ ಅಳತೆಯಿಂದಲೇ ದೊರೆಯುವ ಮತ್ತೊಂದು ಸಾಮಗ್ರಿಯ ವಿಚಾರ. ಫೋನಿನ ಡೇಟಾವನ್ನೇ ಲ್ಯಾಪ್‌ಟಾಪಿಗೆ ಹಂಚಿಕೊಟ್ಟು ಕೆಲಸ ಸಾಗಿಸುವ ಮನೆಗಳು ನಮ್ಮ ನಾಡಿನಲ್ಲಿ ಬಹಳ. ಬ್ರಾಡ್‌ಬ್ಯಾಂಡಿನ ತಂತಿ ಬಾರದ ಮಲೆನಾಡಿನ ಒಂಟಿಮನೆಗಳಿಗಂತೂ ಅದೊಂದೇ ದಾರಿ. ನಮ್ಮ ಮನೆಯೂ ಅಂತಹುದೇ.

ನಡೆದ ಸಂಗತಿಯನ್ನು ಮೊದಲು ಹೇಳಿಬಿಡುವೆವು. ನಮ್ಮ ತಂಗಿಯ ಮಗಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲೆಂದು ನಮ್ಮಲ್ಲಿಗೆ ಬಂದಿದ್ದಳು. ಅಂದೇ ಕಡೆಯ ದಿನ. ರಾತ್ರಿ ಹನ್ನೆರಡಕ್ಕೆ ಅವಧಿ ಮುಗಿಯತಕ್ಕದ್ದು. ನಮ್ಮ ಫೋನಿಗೆ ದಿನವೊಂದಕ್ಕೆ 1.5 ಜಿಬಿ ಡೇಟಾ. ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿಟ್ಟು, 'ಮೊದಲು ಊಟವಾಗಲಿ' ಎಂದು ಹುಡುಗಿಯನ್ನು ಎಬ್ಬಿಸಿದವರು ನಾವೇ. ಊಟ, ಎಲೆಯಡಿಕೆ, ಊರಿನ ಮಾತು, ಇವೆಲ್ಲ ಮುಗಿಸಿ ಬಂದು ನೋಡಿದರೆ ಡೇಟಾ ಬರಿದಾಗಿದ್ದಿತು. "ದೊಡ್ಡಮ್ಮಾ, ನಾವು ಮುಟ್ಟಲೇ ಇಲ್ಲವಲ್ಲ, ಖರ್ಚು ಮಾಡಿದವರು ಯಾರು?" ಎಂದಳು. ಖರ್ಚು ಮಾಡಿದ್ದು ಲ್ಯಾಪ್‌ಟಾಪೇ. ನಾವು ಊಟಕ್ಕೆ ಕುಳಿತ ಹೊತ್ತಿನಲ್ಲಿ ಅದು ವಿಂಡೋಸಿನ ಹೊಸ ಅಪ್‌ಡೇಟನ್ನು ಸದ್ದಿಲ್ಲದೆ ಇಳಿಸಿಕೊಂಡಿದ್ದಿತು.

ದಿನದ ಪಾಲು ತೀರಿದೊಡನೆ ಸಂಪರ್ಕವು ಪೂರ್ತಿ ಕಡಿಯುವುದಿಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 64 ಕಿಲೋಬಿಟ್ ವೇಗಕ್ಕೆ ಇಳಿಯುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟಾದುದರಿಂದ ಅದು ಸೆಕೆಂಡಿಗೆ 8 ಕಿಲೋಬೈಟು ಮಾತ್ರ. ನಮ್ಮ ಕೈಯಲ್ಲಿದ್ದ ಅಂಕಪಟ್ಟಿಯ ಪ್ರತಿಯ ಗಾತ್ರ 3 ಎಂಬಿ. ಅದು ಹೋಗಿ ಮುಟ್ಟಲು ಆರು ನಿಮಿಷಕ್ಕೂ ಮೇಲೆ ಬೇಕು. ಅಷ್ಟು ಹೊತ್ತು ಕಾಯುವ ತಾಳ್ಮೆ ಆ ಜಾಲತಾಣಕ್ಕಿರಲಿಲ್ಲ. ಪ್ರತಿ ಸಲವೂ ನಡುವಿನಲ್ಲಿಯೇ ನಮ್ಮನ್ನು ಹೊರಕ್ಕೆ ಹಾಕಿತು. ಹನ್ನೆರಡು ಹೊಡೆಯಿತು. ಮರುದಿನದ ಡೇಟಾ ಬಂದಿತು, ಅರ್ಜಿಯ ಬಾಗಿಲು ಮುಚ್ಚಿತು. ಹುಡುಗಿ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆ ವರ್ಷದ ಫೀಜನ್ನು ಅವಳ ತಂದೆಯವರು ಸಾಲ ತಂದು ಕಟ್ಟಿದರು.

ವೈ-ಫೈ ಸಿಕ್ಕಿತೆಂದರೆ ಲ್ಯಾಪ್‌ಟಾಪು ಅದನ್ನು ತುಂಬಿದ ಕೆರೆಯೆಂದೇ ಭಾವಿಸುವುದು. ಅದು ಕೊಡದ ನೀರೆಂದು ನಾವೇ ತಿಳಿಸಬೇಕು. ತಿಳಿಸುವ ಬಗೆ ಬಹಳ ಸುಲಭ. ಹಾಟ್‌ಸ್ಪಾಟಿಗೆ ಸೇರಿಸಿದ ಮೇಲೆ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್ ಎಂಬಲ್ಲಿಗೆ ಹೋಗಿ, ವೈ-ಫೈ ಎಂಬುದರೊಳಗೆ ನಿಮ್ಮ ಫೋನಿನ ಹೆಸರಿರುವ ಜಾಲದ ಗುಣಲಕ್ಷಣಗಳನ್ನು, ಎಂದರೆ ಪ್ರಾಪರ್ಟೀಸನ್ನು, ನೋಡಿರಿ. ಅಲ್ಲಿ 'ಮೀಟರ್ಡ್ ಕನೆಕ್ಷನ್' ಎಂಬ ಗುಂಡಿಯುಂಟು. ಅದನ್ನು ಆನ್ ಮಾಡಿದರೆ ಬಹುತೇಕ ಅಪ್‌ಡೇಟುಗಳು ತಡೆದು ನಿಲ್ಲುವುವು. ಒನ್‌ಡ್ರೈವ್ ಕೂಡ ಕಡತಗಳನ್ನು ಮೇಲಕ್ಕೆ ಕಳುಹಿಸುವುದನ್ನು ನಿಲ್ಲಿಸುವುದು. ಆಪಲ್ ಲ್ಯಾಪ್‌ಟಾಪುಗಳಲ್ಲಿ ಇದೇ ಕೆಲಸಕ್ಕೆ 'ಲೋ ಡೇಟಾ ಮೋಡ್' ಎಂಬುದಿದೆ. ಅಗತ್ಯವೆಂದು ತೋರಿದ ಯಾವುದೋ ಸಣ್ಣ ಅಪ್‌ಡೇಟು ಆಗಲೂ ನುಸುಳಬಹುದು. ಬ್ರೌಸರಿನಲ್ಲಿ ನಾವಾಗಿ ನೋಡುವ ಚಲಚ್ಚಿತ್ರಕ್ಕೆ ಈ ತಡೆ ಅನ್ವಯಿಸದು. ನೆಟ್‌ಫ್ಲಿಕ್ಸ್ ಕಂಪನಿಯ ಲೆಕ್ಕದಂತೆಯೇ ಸಾಧಾರಣ ದರ್ಜೆಯ ಚಿತ್ರಕ್ಕೆ ಘಂಟೆಗೆ 1 ಜಿಬಿಯವರೆಗೂ, ಉತ್ತಮ ದರ್ಜೆಗೆ 3 ಜಿಬಿಯವರೆಗೂ ವೆಚ್ಚವಾಗುವುದು. ಮಕ್ಕಳ ಪಾಠದ ವೀಡಿಯೋಗಳಿಗೆ 480ಪಿ ಧಾರಾಳವಾಗಿ ಸಾಕೆಂದು ನಮ್ಮ ಅಭಿಪ್ರಾಯ.

ಇದರಿಂದ ಅಪ್‌ಡೇಟನ್ನೇ ಬೇಡವೆಂದು ಬಿಡಬಾರದು. ಕಳ್ಳರು ನುಗ್ಗುವ ಕಂಡಿಗಳನ್ನು ಮುಚ್ಚುವುದು ಅವೇ ಅಲ್ಲವೆ? ಮೀಟರಿನ ಗುರುತು ಆಯಾ ಜಾಲಕ್ಕೆ ಮಾತ್ರ ಸೇರಿದ್ದು. ಆದಕಾರಣ ತಿಂಗಳಿಗೊಮ್ಮೆ ಪೇಟೆಯಲ್ಲಿರುವ ನಂಟರ ಮನೆಗೆ ಲ್ಯಾಪ್‌ಟಾಪನ್ನು ಒಯ್ದು ಅವರ ವೈ-ಫೈಗೆ ಸೇರಿಸಿದರೆ ಉಳಿದ ಅಪ್‌ಡೇಟುಗಳೆಲ್ಲ ಅಲ್ಲಿಯೇ ಇಳಿಯುವುವು. ನಂಟರ ಅನುಮತಿ ಪಡೆದೇ ಎಂದು ಬೇರೆ ಹೇಳಬೇಕಾದುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿರುವುದನ್ನೂ ಹಳೆಯ ಲ್ಯಾಪ್‌ಟಾಪುಳ್ಳವರು ನೆನಪಿಡತಕ್ಕದ್ದು.

ಇನ್ನು ತಂತಿಯ ಮಾತು. ಹಾಟ್‌ಸ್ಪಾಟಿನಲ್ಲಿ ಫೋನು ಬಿಸಿಯಾಗಿ ಬ್ಯಾಟರಿ ಬೇಗನೆ ಇಳಿಯುವುದು. ಅದಕ್ಕೆ ಬದಲಾಗಿ ಚಾರ್ಜಿನ ಕೇಬಲಿನಿಂದಲೇ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನಲ್ಲಿ 'ಯುಎಸ್‌ಬಿ ಟೆದರಿಂಗ್' ಎಂಬುದನ್ನು ಆರಿಸಿದರೆ ಡೇಟಾವೂ ಬರುವುದು, ಫೋನೂ ಅಷ್ಟಿಷ್ಟು ಚಾರ್ಜಾಗುವುದು. ಜೋಡಿಸಿದರೂ ಆ ಆಯ್ಕೆ ಮಂಕಾಗಿಯೇ ಇದ್ದರೆ ಫೋನನ್ನು ಬಯ್ಯಬೇಡಿರಿ. ಕೇಬಲನ್ನು ಬದಲಿಸಿ ನೋಡಿರಿ. ಅಗ್ಗದ ಕೇಬಲುಗಳಲ್ಲಿ ಕೆಲವಕ್ಕೆ ವಿದ್ಯುತ್ತಿನ ಎಳೆಗಳು ಮಾತ್ರ ಇರುವುವು, ಡೇಟಾದ ಎಳೆಗಳೇ ಇರುವುದಿಲ್ಲ. ನಾವು ಒಳ್ಳೆಯ ಕೇಬಲಿಗೆ ಕೆಂಪು ದಾರವೊಂದನ್ನು ಕಟ್ಟಿಟ್ಟಿದ್ದೇವೆ. ಮತ್ತೊಂದು ಎಚ್ಚರ: ತಂತಿಯಿಂದ ಬಂದ ಸಂಪರ್ಕವನ್ನು ವಿಂಡೋಸು ಬೇರೆಯೇ ಜಾಲವೆಂದು, 'ಈಥರ್ನೆಟ್' ಎಂದು, ತಿಳಿಯುವುದು. ಮೀಟರಿನ ಗುಂಡಿಯನ್ನು ಅಲ್ಲಿಯೂ ಪ್ರತ್ಯೇಕವಾಗಿ ಒತ್ತಬೇಕು. ಇದನ್ನು ಮರೆತು ನಾವು ಇನ್ನೊಮ್ಮೆ ಡೇಟಾ ಕಳೆದುಕೊಂಡುದೂ ಉಂಟು.

ಕೆಲವು ಫೋನುಗಳಲ್ಲಿ 'ಡೇಟಾ ಸೇವರ್' ಆನ್ ಇದ್ದರೆ ಹಾಟ್‌ಸ್ಪಾಟು ಏಳುವುದೇ ಇಲ್ಲ. ಕಾರಣ ತಿಳಿಯದೆ ರಿಪೇರಿಯವರ ಬಳಿಗೆ ಓಡುವ ಮುನ್ನ ಅದನ್ನು ನೋಡಿಕೊಳ್ಳಿರಿ. ಪೆಟ್ಟಿಗೆಯ ತಳದಲ್ಲಿ ಹಳೆಯ 3ಜಿ ಡಾಂಗಲು ಬಿದ್ದಿದ್ದರೆ ಅದಕ್ಕೆ ಹೊಸ ಸಿಮ್ಮು ಕೊಳ್ಳುವ ಮೊದಲು ವಿಚಾರಿಸಿರಿ. 2016ರಲ್ಲಿ ಆರಂಭವಾದ ಜಿಯೋ ಜಾಲದಲ್ಲಿ ಮೊದಲಿನಿಂದಲೂ 3ಜಿ ಎಂಬುದೇ ಇಲ್ಲ.

ಅರ್ಜಿಯ ಕಾಗದಪತ್ರಗಳ ಗಾತ್ರದ ವಿಚಾರ ಉಳಿಯಿತು. ಅಂಕಪಟ್ಟಿಯ ಚಿತ್ರವನ್ನು ವಿಂಡೋಸಿನೊಡನೆ ಬರುವ 'ಪೇಂಟ್' ಎಂಬುದರಲ್ಲಿ ತೆರೆದು, 'ರೀಸೈಜ್' ಒತ್ತಿ ಅಳತೆಯನ್ನು ಅರ್ಧಕ್ಕೆ ಇಳಿಸಿ, ಜೆಪೆಗ್ ಆಗಿ ಬೇರೆ ಹೆಸರಿನಿಂದ ಉಳಿಸಿರಿ. ಅಕ್ಷರಗಳು ಓದಲು ಬರುವವೇ ಎಂದು ದೊಡ್ಡದು ಮಾಡಿ ಒಮ್ಮೆ ನೋಡಿರಿ. 200 ಕಿಲೋಬೈಟಿಗೆ ಇಳಿದ ಚಿತ್ರವು ಆ 64ರ ವೇಗದಲ್ಲಿಯೂ ಸುಮಾರು 25 ಸೆಕೆಂಡಿನಲ್ಲಿ ಹೋಗಿ ಮುಟ್ಟತಕ್ಕದ್ದು. ಆ ರಾತ್ರಿ ಪೇಂಟ್ ನಮ್ಮ ಲ್ಯಾಪ್‌ಟಾಪಿನಲ್ಲಿಯೇ ಇದ್ದಿತು. ಸಣ್ಣ ಮೊತ್ತದ ಡೇಟಾ ವೋಚರನ್ನು ಪಕ್ಕದ ಮನೆಯವರ ಫೋನಿನಿಂದ ನಮ್ಮ ನಂಬರಿಗೆ ಹಾಕಿಸಬಹುದಾಗಿದ್ದುದೂ ಮರುದಿನ ಬೆಳಿಗ್ಗೆಯೇ ನಮಗೆ ತೋಚಿದ್ದು.

ಈ ವರ್ಷ ಹುಡುಗಿ ಮತ್ತೆ ಬಂದಿದ್ದಳು. ಕಡೆಯ ದಿನಕ್ಕೆ ಇನ್ನೂ ಒಂಬತ್ತು ದಿನಗಳಿದ್ದುವು. ಬಂದವಳೇ ಚೀಲವನ್ನು ಇಳಿಸುವ ಮುನ್ನ ಲ್ಯಾಪ್‌ಟಾಪನ್ನು ತೆರೆದು ಮೀಟರಿನ ಗುಂಡಿಯನ್ನು ನೋಡಿದಳು.